ನುಂಗುವ ವಿದ್ಯೆ

ನಮ್ಮ ಭಾಷೆಯಲ್ಲಿ ಗುಳಿಗೆಯನ್ನೂ ನುಂಗುತ್ತಾರೆ, ನೋವನ್ನೂ ನುಂಗುತ್ತಾರೆ. ಕ್ರಿಯಾಪದ ಒಂದೇ. ಆದರೆ ಈ ಎರಡು ನುಂಗುವಿಕೆಗಳಿಗೆ ಸಮಾಜದಲ್ಲಿ ಸಿಗುವ ಮರ್ಯಾದೆ ಒಂದೇ ಅಲ್ಲ. ನೋವು ನುಂಗಿದವರು ದೊಡ್ಡ ಮನಸ್ಸಿನವರು, ಸಹನಶೀಲರು. ಗುಳಿಗೆ ನುಂಗಿದವರು ಮೆತ್ತನೆಯವರು, ಈಗಿನ ಕಾಲದವರು. ಈ ತಾರತಮ್ಯ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಾಚಕರೊಂದಿಗೆ ಸ್ವಲ್ಪ ವಿಚಾರ ಮಾಡಬೇಕೆಂದು ಈ ಬರವಣಿಗೆ.

ನಿಗಡಿಯಲ್ಲಾಗಲಿ ಪುಣೆಯ ಬೇರೆ ಯಾವ ಮೂಲೆಯಲ್ಲಾಗಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಮಾತು ಮೊಣಕಾಲು, ಸೊಂಟ, ಅರೆತಲೆನೋವುಗಳ ಕಡೆಗೆ ಹರಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹರಿದ ಕೂಡಲೇ ಎರಡು ಪಕ್ಷಗಳಾಗುತ್ತವೆ. "ನಮ್ಮವ್ವ ಒಂಬತ್ತು ಹಡೆದಳು, ಒಂದು ಗುಳಿಗಿ ಕಂಡಾಕಿ ಅಲ್ಲ. ನೀವು ತಲಿ ಸಿಡೀತು ಅಂದ್ರ ಚೀಲದಾಗ ಕೈ ಹಾಕ್ತೀರಿ" ಎಂದು ಹಿರಿಯರ ಪಕ್ಷ. "ಇರುವ ಔಷಧ ತೆಗೆದುಕೊಳ್ಳದೆ ಒದ್ದಾಡಿದರೆ ಯಾರಾದರೂ ಪದಕ ಕೊಡುತ್ತಾರೆಯೇ?" ಎಂದು ಕಿರಿಯರದು. ಅಷ್ಟರಲ್ಲಿ ಚಹಾ ಬರುತ್ತದೆ, ವಾದ ಅಲ್ಲಿಗೆ ನಿಲ್ಲುತ್ತದೆ.

ಎರಡು ಮಾತೂ ಕೇಳಲು ಚೆನ್ನ. ಆದರೆ ಎರಡರ ಬುಡದಲ್ಲಿಯೂ ಒಂದೇ ನಂಬಿಕೆಯಿದೆ: ಸಹನೆಗೂ ಗುಳಿಗೆಗೂ ಹಾವು ಮುಂಗುಸಿಯ ಸಂಬಂಧ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂದು. ನನಗೆ ಹಾಗೆ ತೋರುವುದಿಲ್ಲ. ನಮ್ಮಲ್ಲಿ ಗುಳಿಗೆ ಸಹನೆಯ ವೈರಿಯಲ್ಲ, ಅದರ ಕೈಯಾಳು. ವಿಶ್ರಾಂತಿಗಾಗಿ ಗುಳಿಗೆ ನುಂಗುವವರು ಕಡಿಮೆ. ವಿಶ್ರಾಂತಿ ಸಿಗುವುದಿಲ್ಲವೆಂದು ನುಂಗುವವರೇ ಬಹಳ.

ಮೊದಲು ಹಿರಿಯರ ಪಕ್ಷವನ್ನು ನೋಡೋಣ. "ಆಗ ಯಾರೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ" ಎಂಬುದು ಇತಿಹಾಸವಲ್ಲ. ಮನೆಯಲ್ಲಿ ಲಕ್ಕಿಸೊಪ್ಪಿನ ಶಾಖ, ಹರಳೆಣ್ಣೆ, ಶುಂಠಿಯ ಪಟ್ಟು ಇದ್ದೇ ಇದ್ದವು. (ಲಕ್ಕಿಗೆ ಮರಾಠಿಯಲ್ಲಿ ನಿರ್ಗುಡಿ ಎನ್ನುತ್ತಾರೆ, ಇಲ್ಲಿಯ ಅಜ್ಜಿಯರೂ ಅದರ ಸೊಪ್ಪನ್ನೇ ಕಾಯಿಸಿ ಮಂಡಿಗೆ ಕಟ್ಟುತ್ತಾರೆ.) ಕಾಶೀನಾಥುನಿ ನಾಗೇಶ್ವರರಾಯರು ಮುಂಬಯಿಯಲ್ಲಿ ಅಮೃತಾಂಜನ ಆರಂಭಿಸಿದ್ದು 1893ರಲ್ಲಿ. ಆ ಹಳದಿ ಡಬ್ಬಿಯ ವಾಸನೆಯಿಲ್ಲದ ಅಜ್ಜಿಯ ಟ್ರಂಕು ಯಾರಿಗಾದರೂ ನೆನಪಿದ್ದರೆ ಹೇಳಲಿ. ಸರಕಾರಿ ದವಾಖಾನೆಗಳಲ್ಲಿ ಎಲ್ಲ ರೋಗಕ್ಕೂ ಸಿಗುತ್ತಿದ್ದ ಬಿಳಿ ಎ.ಪಿ.ಸಿ. ಗುಳಿಗೆಯನ್ನು ಇಂದಿನ ಎಪ್ಪತ್ತು ಎಂಬತ್ತರ ಹಿರಿಯರೇ ಮುಕ್ತಕಂಠದಿಂದ ಹೊಗಳುತ್ತಾರೆ. ಆಸ್ಪಿರಿನ್, ಫೆನಾಸೆಟಿನ್, ಕೆಫೀನ್ ಮೂರೂ ಸೇರಿದ ಮಿಶ್ರಣ ಅದು. ಇನ್ನೂ ಹಿಂದಕ್ಕೆ ಹೋದರೆ, ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸಿಗೆ ಅಫೀಮು ಬೆರೆತ 'ಬಾಳಾಗೋಳಿ' ತಿನ್ನಿಸಿ ಮಲಗಿಸಿ ಪಾಳಿಗೆ ಹೋಗುತ್ತಿದ್ದುದು 1920ರ ದಶಕದ ಸರಕಾರಿ ವರದಿಗಳಲ್ಲಿಯೇ ದಾಖಲಾಗಿದೆ. ಆ ತಾಯಿ ಮೆತ್ತನೆಯವಳೆಂದು ಯಾರೂ ಹೇಳಲಾರರು. ಕೂಸು ಅಳಬಾರದು, ಏಕೆಂದರೆ ಗಿರಣಿಯ ಭೋಂಗಾ ಕಾಯುವುದಿಲ್ಲ.

ಸಹನೆಯನ್ನು ನಾನು ಹೀಗಳೆಯುತ್ತಿಲ್ಲ. ತುಕಾರಾಮ ಮಹಾರಾಜರ ಪಾಲಕಿ ದೇಹೂವಿನಿಂದ ಹೊರಟು ಮರುದಿನ ನಮ್ಮ ನಿಗಡಿಯನ್ನು ಹಾದು ಆಕುರ್ಡಿಗೆ ಬರುವಾಗ ರಸ್ತೆಯ ಬದಿಗೆ ನಿಂತು ನೋಡಿದವರಿಗೆ ಗೊತ್ತು. ಮುಂದೆ ಪಂಢರಪುರದವರೆಗೆ ಸುಮಾರು ಇನ್ನೂರೈವತ್ತು ಕಿಲೋಮೀಟರು ನಡೆಯಬೇಕಾದವರು, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಮುದುಕಿಯರು, ಅಂಗಾಲು ಬೊಬ್ಬೆಯೆದ್ದರೂ ನಗುತ್ತಾರೆ. ಅವರ ಕಾಲು ಒತ್ತಲು ಸ್ವಯಂಸೇವಕರು ಸಾಲಾಗಿ ಕೂತಿರುತ್ತಾರೆ. ಔಷಧದ ಮಂಟಪದ ಮುಂದೆ "ಗೋಳಿ ದ್ಯಾ" ಎಂದು ಕೈಚಾಚುವವರೂ ಅವರೇ. ಕಾಲು ಒತ್ತಿಸಿಕೊಂಡದ್ದರಿಂದಲೋ ಗುಳಿಗೆ ನುಂಗಿದ್ದರಿಂದಲೋ ಅವರ ಭಕ್ತಿಗೆ ಕುಂದಾಯಿತೆಂದು ಯಾರೂ ಎಣಿಸುವುದಿಲ್ಲ. ಏಕೆಂದರೆ ಆ ನೋವು ಅವರೇ ಬೇಕೆಂದು ಹೊತ್ತದ್ದು, ಬೇಡವೆಂದರೆ ನಾಳೆಯೇ ಇಳಿಸಬಹುದಾದದ್ದು. ನಾವು ಹೊಗಳುವ ಹೆಚ್ಚಿನ ಸಹನೆಗಳು ಈ ಜಾತಿಯವಲ್ಲ. ಅವು ಒಬ್ಬರು ಇನ್ನೊಬ್ಬರ ತಲೆಯ ಮೇಲೆ ಹೊರಿಸಿದವು. ಹೊರಿಸಿದವರೇ ಹೊಗಳುವುದೂ ವಾಡಿಕೆ.

ಈ ಮಾತಿಗೆ ಜಾಹೀರಾತುಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಎಂಬತ್ತರ ದಶಕದ ದೂರದರ್ಶನ ನೋಡಿ ಬೆಳೆದವರಿಗೆ ಅಯೋಡೆಕ್ಸಿನ ಹಿಂದಿ ಘೋಷಣೆ ಬಾಯಿಪಾಠವಿದ್ದೀತು. ಹಚ್ಚಿಕೊಳ್ಳಿ, ಕೆಲಸಕ್ಕೆ ಹೊರಡಿ ಎಂಬುದೇ ಅದರ ತಾತ್ಪರ್ಯ. ಹಚ್ಚಿಕೊಂಡು ಮಲಗಿ ಎಂದು ಅದು ಹೇಳಲಿಲ್ಲ. ಅಂದಿನಿಂದ ಇಂದಿನವರೆಗೆ ಬೆನ್ನುನೋವಿನ ಮುಲಾಮುಗಳ ಜಾಹೀರಾತನ್ನು ಗಮನಿಸಿ. ಗೃಹಿಣಿ ಬಕೀಟು ಎತ್ತುತ್ತಾಳೆ, ಸೊಂಟ ಹಿಡಿದುಕೊಳ್ಳುತ್ತಾಳೆ, ಮುಖ ಕಿವಿಚುತ್ತಾಳೆ. ಮುಲಾಮು ಬರುತ್ತದೆ. ಮುಂದಿನ ಚಿತ್ರದಲ್ಲಿ ಅದೇ ಗೃಹಿಣಿ ಅದೇ ಬಕೀಟನ್ನು ನಗುತ್ತ ಎತ್ತುತ್ತಾಳೆ. ಆ ಮನೆಯಲ್ಲಿ ಬಕೀಟು ಎತ್ತಬಲ್ಲ ಇನ್ನಿಬ್ಬರು ಗಂಡಸರು ಸೋಫಾದ ಮೇಲೆ ಕೂತು ಚಪ್ಪಾಳೆ ತಟ್ಟುವುದೂ ಉಂಟು. ಚಿತ್ರ ತೆಗೆದವರ ಕಣ್ಣಿಗೆ ಇದರಲ್ಲಿ ವಿಚಿತ್ರವೇನೂ ಕಂಡಂತಿಲ್ಲ. ನೋಡುವ ನಮಗೂ ಕಾಣಲಿಲ್ಲ.

ಕಚೇರಿಯಲ್ಲಿ ರಜೆಯ ಅರ್ಜಿಗಳು ನನ್ನ ಮೇಜಿನ ಮೇಲಿಂದ ಹಾದುಹೋಗುತ್ತವೆ. ಇಷ್ಟು ವರ್ಷಗಳಲ್ಲಿ "ನೋವಿದೆ, ಆದ್ದರಿಂದ ಬರಲಾಗುವುದಿಲ್ಲ" ಎಂದು ಬರೆದ ಅರ್ಜಿ ನೋಡಿದ ನೆನಪಿಲ್ಲ. ಎಲ್ಲರಿಗೂ ಜ್ವರವೇ ಬರುತ್ತದೆ. ಜ್ವರಕ್ಕೆ ಥರ್ಮಾಮೀಟರಿನ ಸಾಕ್ಷಿಯುಂಟು. ನೋವಿಗೆ ನೋಯುವವನ ಮಾತೊಂದೇ ಸಾಕ್ಷಿ, ನಮ್ಮ ಕಚೇರಿಗಳಲ್ಲಿ ಬಾಯಿಮಾತು ನಡೆಯುವುದಿಲ್ಲ. ಹೀಗಾಗಿ ತಲೆಸಿಡಿತದವರು ರಜೆಯ ಬದಲು ಮೇಜಿನ ಖಾನೆ ತೆರೆಯುತ್ತಾರೆ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕಂಪನಿಯ ಡೋಲೋ 650 ಕೋವಿಡ್ ಕಾಲದಲ್ಲಿ ಎಷ್ಟು ಮನೆಮಾತಾಯಿತೆಂದರೆ 2022ರ ಜನವರಿಯಲ್ಲಿ ಮೊಬೈಲುಗಳಲ್ಲೆಲ್ಲ ಅದರದೇ ವಿನೋದ. ಅದೇ ವರ್ಷದ ಜುಲೈಯಲ್ಲಿ ಆ ಕಂಪನಿಯ ಮೇಲೆ ಆದಾಯ ತೆರಿಗೆಯವರ ಶೋಧ ನಡೆದು, ವೈದ್ಯರಿಗೆ ಉಡುಗೊರೆ ಹಂಚಿದ ಆರೋಪ ಸುಪ್ರೀಂ ಕೋರ್ಟಿನಲ್ಲಿಯೂ ಪ್ರಸ್ತಾಪವಾಯಿತು. ಆರೋಪದ ಸತ್ಯಾಸತ್ಯ ಹಾಗಿರಲಿ. ಉಡುಗೊರೆ ಪಡೆಯದ ನಾವು ನೀವೂ ಅದನ್ನು ಪಕ್ಕದ ಮೇಜಿನವರಿಗೆ ಪುಕ್ಕಟೆಯಾಗಿ ಬರೆದುಕೊಟ್ಟವರೇ ಅಲ್ಲವೇ?

ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಸ್ಯಾಲಿಸಿಲಿಕ್ ಆಮ್ಲಕ್ಕೆ ಅಸೆಟಿಕ್ ಅನ್‌ಹೈಡ್ರೈಡ್ ಸೇರಿಸಿ ಆಸ್ಪಿರಿನ್ ತಯಾರಿಸುವ ಪಾಠವಿತ್ತು. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಮಾಡಿದ್ದನ್ನು ನೂರು ವರ್ಷಗಳ ಮೇಲೆ ನಾವೂ ಮಾಡಿ ಅಂಕ ಪಡೆದೆವು. ಆಗ ಹೇಳಿಕೊಡದಿದ್ದ ಒಂದು ಸಂಗತಿಯಿದೆ. ಗಾಯವಾದಲ್ಲಿ ದೇಹ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳನ್ನು ಹುಟ್ಟಿಸುತ್ತದೆ. ಅವು ನರಗಳನ್ನು ಚುರುಕುಗೊಳಿಸುವುದರಿಂದ ನೋವು ಹೆಚ್ಚುತ್ತದೆ. ಆಸ್ಪಿರಿನ್ ಜಾತಿಯ ಗುಳಿಗೆಗಳು ಆ ಉತ್ಪತ್ತಿಯನ್ನೇ ತಡೆಯುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿತು. ತೊಡಕೆಂದರೆ ಜಠರದ ಒಳಪೊರೆಯನ್ನು ಕಾಯುವುದೂ ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಇದೇ ದ್ರವ್ಯಗಳು. ಬಾಗಿಲಲ್ಲಿ ಗಲಾಟೆ ಮಾಡುವವನನ್ನು ಓಡಿಸಲು ಹೋಗಿ ಮನೆಯ ಕಾವಲುಗಾರನನ್ನೂ ಓಡಿಸಿದಂತೆ. ಒಂದೆರಡು ದಿನಕ್ಕೆ ಚಿಂತೆಯಿಲ್ಲ. ವರ್ಷಗಟ್ಟಲೆ ನುಂಗಿದವರಿಗೆ ಹುಣ್ಣು, ಮೂತ್ರಪಿಂಡದ ಕಾಯಿಲೆಗಳು ಗಂಟುಬೀಳುತ್ತವೆ. ಪ್ಯಾರಾಸಿಟಮಾಲ್ ಇದಕ್ಕಿಂತ ಸೌಮ್ಯ. ಆದರೆ ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ ನಾಲ್ಕು ಗ್ರಾಮು ಅದರ ಮಿತಿ, ಮೀರಿದರೆ ಯಕೃತ್ತಿಗೆ ಅಪಾಯ. 650ರ ಗುಳಿಗೆ ಆರಾದರೆ ಮಿತಿಯ ಅಂಚು. ಅದರ ಜೊತೆಗೆ ನುಂಗುವ ನೆಗಡಿಯ ಗುಳಿಗೆಯಲ್ಲಿಯೂ ಸಾಮಾನ್ಯವಾಗಿ ಅದೇ ಇರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ದುಡಿಮೆಗೂ ಗುಳಿಗೆಗೂ ಇರುವ ನಂಟು ನಮ್ಮಲ್ಲೇ ಹುಟ್ಟಿದ್ದಲ್ಲ. ಸ್ವೀಡನ್ನಿನ ಹುಸ್‌ಕ್ವಾರ್ನ ಎಂಬ ಊರಿನ ಬಂದೂಕಿನ ಕಾರ್ಖಾನೆಯಲ್ಲಿ 1918ರ ಇನ್‌ಫ್ಲುಯೆಂಜಾ ಕಾಲಕ್ಕೆ ವೈದ್ಯರೊಬ್ಬರು ಫೆನಾಸೆಟಿನ್ ಬೆರೆತ ಪುಡಿಯೊಂದನ್ನು ಕೊಟ್ಟರು. ಜ್ವರ ಹೋಯಿತು, ಪುಡಿ ಉಳಿಯಿತು. ಕೈ ಚುರುಕಾಗುತ್ತದೆ, ಹೆಚ್ಚು ಕೆಲಸ ಸಾಗುತ್ತದೆ ಎಂದು ಕಾರ್ಮಿಕರು ಅದನ್ನು ನಿತ್ಯವೂ ಸೇವಿಸಿದರು. ನಾವು ಎಲೆಯಡಿಕೆ ಚಾಚುವಂತೆ ಒಬ್ಬರಿಗೊಬ್ಬರು ಚಾಚಿದರು. ದಶಕಗಳ ಮೇಲೆ ಆ ಊರಿನಲ್ಲಿ ಮೂತ್ರಪಿಂಡ ಕೆಟ್ಟು ಸಾಯುವವರ ಸಂಖ್ಯೆ ವಿಪರೀತವಾದಾಗ ಕಾರಣ ಬಯಲಾಯಿತು. ಸ್ವಿಟ್ಜರ್ಲೆಂಡಿನ ಗಡಿಯಾರದ ಕೆಲಸಗಾರರಲ್ಲಿಯೂ ಇದೇ ಕಥೆ. ನಮ್ಮ ಎ.ಪಿ.ಸಿ.ಯ ನಡುವಿನ ಅಕ್ಷರವೂ ಅದೇ ಫೆನಾಸೆಟಿನ್. ಭಾರತ ಸರಕಾರ ಅದನ್ನು ನಿಷೇಧಿಸಿದ್ದು 1983ರಲ್ಲಿ. ಪಿಂಪರಿ ಚಿಂಚವಡದ ಕಾರ್ಖಾನೆಗಳ ಮೂರು ಪಾಳಿಗಳ ನಡುವೆ ಬದುಕುವ ನಮಗೆ ಹುಸ್‌ಕ್ವಾರ್ನ ಅಷ್ಟೇನೂ ದೂರದ ಊರಲ್ಲ. ರಾತ್ರಿಪಾಳಿ ಮುಗಿದ ಹೊತ್ತಿಗೆ ಬಾಗಿಲು ತೆರೆದಿರುವ ಔಷಧದ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಚೀಟಿಯಿಲ್ಲ, ಹೆಸರಿಲ್ಲ, "ಕಂಬರ್" ಎಂದು ಸೊಂಟ ತೋರಿಸುತ್ತಾರೆ, ಎರಡು ಗುಳಿಗೆ ಕತ್ತರಿಸಿ ಕೊಡುತ್ತಾರೆ.

ಮನುಷ್ಯರನ್ನಷ್ಟೇ ಅಲ್ಲ, ಎತ್ತನ್ನೂ ಹೀಗೆಯೇ ನೊಗಕ್ಕೆ ಹೂಡಿದೆವು. ಕುಂಟುವ ಎತ್ತಿಗೆ, ಕೆಚ್ಚಲು ಬಾತ ಎಮ್ಮೆಗೆ ಅಗ್ಗದ ಡೈಕ್ಲೊಫೆನಾಕ್ ಚುಚ್ಚಿದರು. ಸತ್ತ ದನದ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸತ್ತವು. ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ನಾಶವಾದವು. ಕಾರಣ ತಿಳಿದದ್ದು 2004ರಲ್ಲಿ, ಪಶುಗಳಿಗೆ ಆ ಔಷಧದ ನಿಷೇಧ 2006ರಲ್ಲಿ. ಆಮೇಲೂ ಮನುಷ್ಯರಿಗೆಂದು ಬರುವ ದೊಡ್ಡ ಸೀಸೆಗಳನ್ನೇ ದನಕ್ಕೆ ಬಳಸುತ್ತಿದ್ದುದರಿಂದ 2015ರಲ್ಲಿ ಸೀಸೆಯ ಗಾತ್ರವನ್ನೇ ಇಳಿಸಬೇಕಾಯಿತು. 'ಶೋಲೆ' ಚಿತ್ರದಿಂದ ಪ್ರಸಿದ್ಧವಾದ ರಾಮನಗರದ ಬೆಟ್ಟಸಾಲಿನಲ್ಲಿ, ರಾಮದೇವರ ಬೆಟ್ಟದ ಮೇಲೆ, 2012ರಲ್ಲಿ ಕರ್ನಾಟಕ ಸರಕಾರ ರಣಹದ್ದುಗಳಿಗಾಗಿ ಧಾಮ ಮಾಡಿದ್ದು ಉಳಿದ ಕೆಲವನ್ನಾದರೂ ಕಾಯಲೆಂದು. ಎತ್ತಿಗೆ ನಾಲ್ಕು ದಿನ ಬಿಡುವು ಕೊಟ್ಟಿದ್ದರೆ ಎಂದು ಕೇಳುವುದು ಸುಲಭ. ಬಿತ್ತನೆಯ ಹದ ನಾಲ್ಕು ದಿನ ಕಾಯುವುದಿಲ್ಲವೆಂದು ಬಲ್ಲ ರೈತನ ಮಗನಾಗಿ ನಾನು ಆ ಪ್ರಶ್ನೆ ಕೇಳಲಾರೆ.

ಬಿಡುವಿಲ್ಲದವರ ವಿಷಯ ಬಂದಾಗ ಕಬ್ಬು ಕಡಿಯುವ ಹೆಂಗಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೀಡ ಜಿಲ್ಲೆಯಿಂದ ದೀಪಾವಳಿಯ ಆಸುಪಾಸಿಗೆ ಹೊರಡುವ ಈ ಜನ ಪಶ್ಚಿಮ ಮಹಾರಾಷ್ಟ್ರಕ್ಕೂ ಬರುತ್ತಾರೆ, ನಮ್ಮ ಬೆಳಗಾವಿಯ ಕಡೆಯ ಸಕ್ಕರೆ ಕಾರ್ಖಾನೆಗಳಿಗೂ ಹೋಗುತ್ತಾರೆ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ', ಅಂದರೆ ಒಂದು ಕುಡುಗೋಲು. ಮುಕಾದಮನಿಂದ ಮುಂಗಡ ಹಣ ಪಡೆದು ಬಂದಿರುತ್ತಾರೆ. ಒಂದು ದಿನ ತಪ್ಪಿದರೆ ಕೂಲಿ ಹೋಗುವುದಷ್ಟೇ ಅಲ್ಲ, 'ಖಾಡಾ' ಎಂದು ದಂಡ ಬೇರೆ ಬೀಳುತ್ತದೆ. ಐನೂರು ರೂಪಾಯಿಯ ಮಾತನ್ನು ಪತ್ರಿಕೆಗಳು ಬರೆದಿವೆ. ಮುಟ್ಟಿನ ನೋವಿಗೆ ಮೊದಲು ಗುಳಿಗೆ. ಗುಳಿಗೆ ಸಾಲದಾದಾಗ ಗರ್ಭಕೋಶವನ್ನೇ ತೆಗೆಸುವುದು. 2019ರಲ್ಲಿ ಮಹಾರಾಷ್ಟ್ರ ಸರಕಾರ ನೇಮಿಸಿದ ಸಮಿತಿ ಬೀಡಿನ 82 ಸಾವಿರಕ್ಕೂ ಹೆಚ್ಚು ಕಬ್ಬಿನ ಕೂಲಿ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಮಿಕ್ಕಿದವರಿಗೆ ಈ ಶಸ್ತ್ರಕ್ರಿಯೆ ಆಗಿತ್ತು. ಮೂವತ್ತು ನಲವತ್ತರ ಪ್ರಾಯದವರು ಅವರಲ್ಲಿದ್ದರು.

ನಮ್ಮ ಹಿರಿಯರ ಪಕ್ಷ ಇದನ್ನು ಸಹನೆ ಎನ್ನುತ್ತದೆಯೋ, ಕಿರಿಯರ ಪಕ್ಷ ಇದನ್ನು ಆಧುನಿಕ ವೈದ್ಯದ ಸೌಲಭ್ಯ ಎನ್ನುತ್ತದೆಯೋ ನನಗೆ ಕೇಳಬೇಕೆನಿಸುತ್ತದೆ. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಬಿಹಾರದ ಸರಕಾರಿ ನೌಕರಿಯಲ್ಲಿ ತಿಂಗಳಿಗೆರಡು ದಿನದ ಇಂಥ ರಜೆ 1992ರಿಂದಲೇ ಇದೆ. ಕರ್ನಾಟಕದ ನಿರ್ಧಾರ ಹೊರಬಿದ್ದಾಗ ನಮ್ಮ ಪರಿಚಯದ ಗಂಡಸರ ಗುಂಪೊಂದರಲ್ಲಿ ನಗೆಚಾಟಿಕೆಗಳು ಓಡಾಡಿದವು. ಅದೇ ವಾರ ಅವರ ಮನೆಗಳಲ್ಲಿಯೇ ಎಷ್ಟು ಮೆಫ್ಟಾಲ್ ಗುಳಿಗೆ ಖರ್ಚಾಯಿತೆಂದು ಅವರು ವಿಚಾರಿಸಿರಲಾರರು. ಆ ಗುಳಿಗೆಯಲ್ಲಿರುವ ಮೆಫೆನಾಮಿಕ್ ಆಮ್ಲ ಕೆಲವರಲ್ಲಿ ತೀವ್ರವಾದ ಅಲರ್ಜಿ ಉಂಟುಮಾಡಬಹುದೆಂದು 2023ರ ಕೊನೆಗೆ ಸರಕಾರದ ಔಷಧಕೋಶ ಆಯೋಗ ಎಚ್ಚರಿಸಿತ್ತು. ಇನ್ನು ಆ ರಜೆ ಕಬ್ಬಿನ ಗದ್ದೆಯವರೆಗೆ ಹೋಗುವ ದಾರಿ ದೂರ. ಅಲ್ಲಿ ಹಾಜರಿಪಟ್ಟಿ ಬರೆಯುವವನು ಮುಕಾದಮ.

ಇಷ್ಟೆಲ್ಲ ಓದಿ, ಇವನು ಗುಳಿಗೆಯ ವಿರೋಧಿ ಎಂದು ವಾಚಕರು ತೀರ್ಮಾನಿಸಿದರೆ ನನ್ನ ಮಾತು ಅರ್ಧಕ್ಕೇ ನಿಂತಂತೆ. ಸಣ್ಣ ನೋವಿಗೆ ಅಂಗಡಿಯ ಕಟ್ಟೆಯ ಮೇಲೆ ಕೇಳಿದ್ದೆಲ್ಲ ಕೊಡುವ ಈ ದೇಶದಲ್ಲಿ, ಕೊಡಲೇಬೇಕಾದ ನೋವಿಗೆ ಕೊಡುವುದಿಲ್ಲ.

2008ರಲ್ಲಿ ನಮ್ಮ ಸೋದರತ್ತೆ ತೀರಿಕೊಂಡರು. ಸ್ತನದ ಕ್ಯಾನ್ಸರು ಬೆನ್ನೆಲುಬಿಗೆ ಹಬ್ಬಿತ್ತು. ದೊಡ್ಡ ಊರಿನ ಆಸ್ಪತ್ರೆಯೊಂದರವರು ಇನ್ನು ಮನೆಯಲ್ಲೇ ನೋಡಿಕೊಳ್ಳಿರೆಂದು ಡೈಕ್ಲೊಫೆನಾಕ್ ಗುಳಿಗೆ ಬರೆದು ಕಳಿಸಿದರು. ಹಿಟ್ಟಿನ ಗಿರಣಿಯ ಮುಂದೆ ಊದುಬತ್ತಿ ಹಚ್ಚಿದಂತೆ ಅದು. ನಾನು ರಜೆಯ ಮೇಲೆ ಹೋಗಿ ಪಕ್ಕದ ಕೋಣೆಯಲ್ಲಿ ಮಲಗಿದ್ದ ನಾಲ್ಕು ರಾತ್ರಿ, ಅತ್ತೆ ಸೆರಗನ್ನು ಬಾಯಲ್ಲಿ ತುರುಕಿಕೊಂಡು ನರಳುವ ಸದ್ದು ಬೆಳಗಿನವರೆಗೆ ಕೇಳುತ್ತಿತ್ತು. ಬೆಳಿಗ್ಗೆ ಎದ್ದು "ನಿದ್ದಿ ಬಂತಾ ಯಪ್ಪಾ, ನನ್ನಿಂದ ತ್ರಾಸ ಆಗಲಿಲ್ಲಲಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಹದಿಮೂರನೆಯ ದಿನದ ಊಟದಲ್ಲಿ ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು: ಎಂಥ ಸಹನೆ, ಒಂದು ದಿನ ಹಾ ಅನ್ನಲಿಲ್ಲ, ಪುಣ್ಯವಂತೆ.

ಅತ್ತೆಗೆ ಬೇಕಾಗಿದ್ದ ಔಷಧದ ಹೆಸರು ಮಾರ್ಫಿನ್. ಅದನ್ನು ಅಫೀಮಿನಿಂದ ಬೇರ್ಪಡಿಸಿ ಇನ್ನೂರು ವರ್ಷಗಳ ಮೇಲಾಯಿತು. ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಯಿಂದ ಕೊಡುವ ಮಾರ್ಫಿನ್ನೇ ಆಧಾರವೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಹೇಳಿತು. ಅದಕ್ಕೆ ಬೇಕಾದ ಅಫೀಮು ನಮ್ಮ ದೇಶದಲ್ಲಿಯೇ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ, ಕೇಂದ್ರ ಸರಕಾರದ ಪರವಾನಗಿಯ ಮೇಲೆ ಬೆಳೆದು ಪರದೇಶಗಳಿಗೂ ಹೋಗುತ್ತದೆ. ಆದರೆ 1985ರ ಮಾದಕ ದ್ರವ್ಯಗಳ ಕಾಯಿದೆ ಬಂದ ಮೇಲೆ ದೇಶದೊಳಗೆ ಔಷಧಕ್ಕೆ ಬಳಸುವ ಮಾರ್ಫಿನ್ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕುಸಿದು 1997ರಲ್ಲಿ ಬರೇ 18 ಕಿಲೋಗ್ರಾಮಿಗೆ ಇಳಿಯಿತು. ಇಡೀ ಭಾರತಕ್ಕೆ 18 ಕಿಲೋ. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಜೀರಿಗೆ ಅದಕ್ಕಿಂತ ಹೆಚ್ಚಿದ್ದೀತು.

ಕಾಯಿದೆ ಮಾರ್ಫಿನ್ ಕೊಡಬೇಡಿ ಎಂದಿರಲಿಲ್ಲ. ಆದರೆ ಆಸ್ಪತ್ರೆಗೆ ನಾಲ್ಕೈದು ಬೇರೆ ಬೇರೆ ಪರವಾನಗಿಗಳು ಬೇಕಿದ್ದವು, ಬೇರೆ ಬೇರೆ ಇಲಾಖೆಗಳಿಂದ, ಎಲ್ಲವೂ ಒಂದೇ ಕಾಲಕ್ಕೆ ಚಾಲ್ತಿಯಲ್ಲಿರಬೇಕು. ಕೊನೆಯದು ಕೈಸೇರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವ ವೇಗವನ್ನು ಬಲ್ಲ ನನಗೆ ಇದರಲ್ಲಿ ಅತಿಶಯೋಕ್ತಿ ಕಾಣುವುದಿಲ್ಲ. ತಪ್ಪಿದರೆ ಹತ್ತು ವರ್ಷಗಳ ಕನಿಷ್ಠ ಶಿಕ್ಷೆಯ ಭಯ ಬೇರೆ. ಔಷಧದ ಅಂಗಡಿಯವರು ಇಡುವುದನ್ನೇ ಬಿಟ್ಟರು. ಒಂದು ತಲೆಮಾರಿನ ವೈದ್ಯರು ಅದನ್ನು ಬರೆಯಲು ಕಲಿಯಲೇ ಇಲ್ಲ. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರು ವರ್ಷಾನುವರ್ಷ ಬೆನ್ನು ಹತ್ತಿದ ಮೇಲೆ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆಯೊಂದಿದ್ದರೆ ಸಾಕೆಂದಾಯಿತು.

ಅಮೇರಿಕೆಯ ಉದಾಹರಣೆ ಕೊಟ್ಟು ಹೆದರಿಸುವವರಿದ್ದಾರೆ. ಅಲ್ಲಿ 1996ರಿಂದ ಆಕ್ಸಿಕಾಂಟಿನ್ ಎಂಬ ಗುಳಿಗೆಯನ್ನು ಸೊಂಟನೋವಿಗೂ ಮಂಡಿನೋವಿಗೂ ಸುರಿದು ಲಕ್ಷಾಂತರ ಜನರನ್ನು ಚಟಕ್ಕೆ ತಳ್ಳಿದ್ದು ಸುಳ್ಳಲ್ಲ. ಆದರೆ ಅಲ್ಲಿ ಬಿಸಿಲಿಗೆ ನೀರು ಹೆಚ್ಚಾಗಿ ಕೊಳೆತ ಬೆಳೆಯ ಕಥೆ ಹೇಳಿ ಇಲ್ಲಿ ಒಣಗುತ್ತಿರುವ ಗದ್ದೆಗೆ ನೀರು ನಿಲ್ಲಿಸುವುದು ಯಾವ ವ್ಯವಸಾಯ? ಮಾರ್ಫಿನ್ ಎಂದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಆಕ್ಷೇಪ "ಚಟ ಹತ್ತೀತು" ಎಂಬುದು. ಎರಡು ತಿಂಗಳು ಬದುಕುವ ಎಪ್ಪತ್ತರ ಮುದುಕಿಗೆ! ಎರಡನೆಯದು "ಅವರವರ ಕರ್ಮ ಅವರು ಉಣ್ಣಬೇಕು". ಇದನ್ನು ಹೇಳುವವರು ತಮ್ಮ ಹಲ್ಲುನೋವಿನ ಕರ್ಮವನ್ನು ಉಂಡದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿನಲ್ಲಿ ಕರುಣಾಶ್ರಯ 1999ರಿಂದ ಇಂಥ ರೋಗಿಗಳಿಗೆ ನೆಲೆಯಾಗಿದೆ. ಪುಣೆಯಲ್ಲಿ ವಾರಜೆಯ ಸಿಪ್ಲಾ ಉಪಶಾಮಕ ಆರೈಕೆ ಕೇಂದ್ರ ಆರಂಭವಾದದ್ದು 1997ರಲ್ಲಿ. ಕ್ಯಾನ್ಸರ್ ರೋಗಿಗಳನ್ನೂ ಜೊತೆಗೆ ಬಂದ ಮನೆಯವರನ್ನೂ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಅದಿರುವುದು ಮುಂಬಯಿ ಬೆಂಗಳೂರು ಬೈಪಾಸಿಗೆ ಹತ್ತಿರದಲ್ಲೇ. ನಿಗಡಿಯಿಂದ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ ಎಂದು ಊರಿಗೆ ಹೋಗುವಾಗಲೆಲ್ಲ ನಮ್ಮಲ್ಲಿ ಅನೇಕರ ರಾತ್ರಿಯ ಬಸ್ಸು ಆ ತಿರುವನ್ನು ದಾಟಿಯೇ ಮುಂದೆ ಸಾಗುತ್ತದೆ. ಸೀಟು ಹಿಂದಕ್ಕೆ ಬಾಗಿಸಿ, ಪ್ರಯಾಣದ ಮೈಕೈ ನೋವಿಗೆಂದು ನಾವು ಗುಳಿಗೆ ನುಂಗುವ ಹೊತ್ತೂ ಸಾಮಾನ್ಯವಾಗಿ ಅದೇ.